ಕೆಳಗೆ ಹಸಿ ಇದ್ದರೂ ಹುಲ್ಲಿನ ಸಸಿ ಯಾಕೆ ಒಣಗಿತು?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ನಾಲ್ಕು ಎಮ್ಮೆ, ಹದಿನೈದು ಆಡು ಇವೆ. 2023ರ ಬರದಲ್ಲಿ ಕಣಿಕೆ ಕೊಂಡು ಸಾಕಾಯಿತು. ಅದಕ್ಕೆ ಈ ಸಲ ಒಂದೂವರೆ ಎಕರೆ ಮಡ್ಡಿ ಹೊಲಕ್ಕೆ ಜೂನ್‌ನ ಮೊದಲ ಮಳೆಗೆ ಅಂಜನ್ ಹುಲ್ಲಿನ ಬೀಜ ಚೆಲ್ಲಿದೆ. ಹತ್ತು ದಿನದಲ್ಲಿ ಹೊಲ ಹಸಿರಾಯಿತು. ಆಮೇಲೆ ಇಪ್ಪತ್ತೈದು ದಿನ ಮಳೆ ಇಲ್ಲ. ಸಸಿ ಒಂದೊಂದೇ ಒಣಗಿದವು. ಅಗೆದು ನೋಡಿದರೆ ಒಂದು ಗೇಣು ಕೆಳಗೆ ಮಣ್ಣು ಹಸಿಯಾಗೇ ಇತ್ತು. ಮಳೆ ಹೋದರೆ ಬೇರು ನೀರು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ ಅಂತಾರೆ ಅಲ್ವಾ? ಹಾಗಿದ್ದರೆ ನನ್ನ ಸಸಿ ಯಾಕೆ ಸತ್ತವು? ಅದೇ ಮಳೆಗೆ ಬಿತ್ತಿದ ಪಕ್ಕದ ಹೊಲದ ಸಜ್ಜೆ ಹೇಗೆ ಉಳಿಯಿತು?

ಉತ್ತರ: ಒಂದು ಗೇಣು ಅಗೆದು ನೋಡಿದಿರಲ್ಲ, ಅದು ಬಹಳ ಒಳ್ಳೆಯ ಕೆಲಸ. ಬಹಳ ಜನ ಅಷ್ಟೂ ಮಾಡುವುದಿಲ್ಲ. ಬೀಜ ಸರಿ ಇರಲಿಲ್ಲ ಅಂತ ಬೀಜ ಕೊಟ್ಟವರನ್ನು ಬೈದು ಸುಮ್ಮನಾಗುತ್ತಾರೆ. ನಿಮ್ಮ ಬೀಜ ಸರಿಯಾಗೇ ಇತ್ತು, ಹತ್ತು ದಿನದಲ್ಲಿ ಹೊಲ ಹಸಿರಾಗಿದ್ದೇ ಅದಕ್ಕೆ ಸಾಕ್ಷಿ. ಕೆಳಗೆ ನೀರು ಇತ್ತು, ನಿಜ. ಆದರೆ ಮೇಲಿನ ಎರಡು ಬೆರಳು ಮಣ್ಣು ಒಣಗಿತ್ತು. ಸಸಿ ಸತ್ತಿದ್ದು ಆ ಎರಡು ಬೆರಳು ಮಣ್ಣಿನಿಂದ.

ಇದು ಅರ್ಥ ಆಗಬೇಕಾದರೆ ಒಂದು ವಿಷಯ ಮೊದಲು ತಿಳಿದಿರಬೇಕು. ಹುಲ್ಲಿನ ಕುಲಕ್ಕೆ ಬೇರು ಎರಡು ಸರದಿಯಲ್ಲಿ ಬರುತ್ತದೆ. ಜೋಳ, ಸಜ್ಜೆ, ನವಣೆ, ಗೋಧಿ, ನಿಮ್ಮ ಬದುವಿನ ಕರಕಿ, ಎಲ್ಲವೂ ಈ ಕುಲವೇ. ಮೊದಲ ಬೇರು ಬೀಜದಿಂದಲೇ ಹೊರಟು ನೆಟ್ಟಗೆ ಕೆಳಗೆ ಹೋಗುತ್ತದೆ. ಅದನ್ನು ಬೀಜಬೇರು ಅನ್ನೋಣ. ಎರಡನೆಯ ಸರದಿಯದು ಸಸಿಯ ಬುಡದ ಗಂಟಿನಿಂದ ಹುಟ್ಟುತ್ತದೆ. ಅದನ್ನು ಬುಡಬೇರು ಅನ್ನೋಣ. ಬೆಳೆದ ಜೋಳ ಕಿತ್ತಾಗ ಬುಡದಲ್ಲಿ ಕುಂಚದ ಹಾಗೆ ಕಾಣುವುದೆಲ್ಲ ಬುಡಬೇರೇ. ಗೋಧಿಗೆ ಬೀಜದಿಂದಲೇ ಮೂರು, ನಾಲ್ಕು, ಐದು ಬೇರು ಬರುತ್ತವೆ. ಜೋಳಕ್ಕೆ, ಸಜ್ಜೆಗೆ, ಅಂಜನ್ ಹುಲ್ಲಿಗೆ ಮಾತ್ರ ಬೀಜಬೇರು ಒಂದೇ ಒಂದು.

ಆ ಒಂದು ಬೇರು ಎಷ್ಟು ದಪ್ಪ ಗೊತ್ತಾ? ಅಂಜನ್ ಸಸಿಯದು ಹೊಲಿಗೆ ದಾರಕ್ಕಿಂತ ದಪ್ಪ ಇರುವುದಿಲ್ಲ. ಮರದ ಬೇರು ವರ್ಷ ವರ್ಷ ದಪ್ಪ ಆಗುತ್ತದೆ, ಹುಲ್ಲಿನ ಬೇರು ಹಾಗೆ ಆಗುವುದಿಲ್ಲ. ಒಳಗಿನ ನೀರಿನ ನಾಳ ಹುಟ್ಟಿದಾಗ ಎಷ್ಟು ಅಗಲವೋ ಕೊನೆಯ ತನಕ ಅಷ್ಟೇ. ಮೇಲೆ ಎಲೆ ಒಂದಿದ್ದದ್ದು ಎರಡಾಗಿ, ಮೂರಾಗಿ, ನಾಲ್ಕಾಗಿ ನೀರು ಕೇಳುವ ಬಾಯಿ ಹೆಚ್ಚುತ್ತಾ ಹೋಗುತ್ತದೆ, ಕೆಳಗಿನ ಪೈಪು ಮಾತ್ರ ಅದೇ. ಅರ್ಧ ಇಂಚಿನ ಪೈಪಿಗೆ ಒಂದೊಂದೇ ನಲ್ಲಿ ಕೂಡಿಸುತ್ತಾ ಹೋದ ಹಾಗೆ. ಟಾಕಿ ತುಂಬಿದ್ದರೂ ನಲ್ಲಿಯಲ್ಲಿ ಸಣ್ಣಗೆ ಹನಿಯುತ್ತದೆ. ನಿಮ್ಮ ಹೊಲದಲ್ಲಿ ಆಗಿದ್ದು ಇದೇ. ಬೇರಿನ ತುದಿ ಹಸಿಯಲ್ಲೇ ಇತ್ತು, ಆದರೆ ನಾಲ್ಕು ಎಲೆಗೆ ಬೇಕಾದಷ್ಟು ನೀರನ್ನು ಆ ಒಂದು ದಾರ ಎಳೆದು ಕೊಡಲಾಗಲಿಲ್ಲ.

ಹಾಗಾಗಿ ಮೂರು, ನಾಲ್ಕು ಎಲೆ ಬರುವ ಹೊತ್ತಿಗೆ ಬುಡಬೇರು ಇಳಿಯಲೇಬೇಕು. ಅವು ದಪ್ಪ, ನೀರಿನ ನಾಳವೂ ಅಗಲ. ಎರಡು ಇಳಿದರೂ ಸಸಿ ಬದುಕಿಕೊಳ್ಳುತ್ತದೆ. ತೊಡಕು ಎಲ್ಲಿದೆ ಅಂದರೆ ಅವು ಹುಟ್ಟುವ ಜಾಗದಲ್ಲಿ. ನೀವು ಬೀಜವನ್ನು ಎಷ್ಟು ಆಳಕ್ಕೆ ಹಾಕಿದರೂ ಈ ಕುಲದ ಸಸಿ ಬೀಜದಿಂದ ಒಂದು ಬಿಳಿ ದಂಟು ಬೆಳೆಸಿ, ಬೆಳಕು ತಾಗುವ ತನಕ ತನ್ನ ಬುಡವನ್ನು ಮೇಲಕ್ಕೆ ತಂದು ಇಡುತ್ತದೆ. ಕೊನೆಗೆ ಬುಡದ ಗಂಟು ಕೂರುವುದು ನೆಲದ ಮೇಲ್ಮೈಯಿಂದ ಒಂದೆರಡು ಸೆಂಟಿಮೀಟರ್ ಕೆಳಗೆ. ಬಿಸಿಲು ಮೊದಲು ಒಣಗಿಸುವುದೂ ಅಷ್ಟೇ ಮಣ್ಣನ್ನು. ಎಳೆ ಬುಡಬೇರು ಹುಟ್ಟಿ ಹೊರಗೆ ಮೂತಿ ಹಾಕುವ ಜಾಗವೇ ಹೊಲದಲ್ಲೆಲ್ಲ ಅತಿ ಒಣ ಜಾಗ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಒಣಗಿದ ಸಸಿ ಇನ್ನೂ ನಿಂತಿದ್ದರೆ ಕೈಯಿಂದ ಕೀಳಬೇಡಿ, ಕಿತ್ತರೆ ಬೇರು ಹರಿದು ಮಣ್ಣಲ್ಲೇ ಉಳಿಯುತ್ತದೆ. ಕುರ್ಪಿಯಿಂದ ಸುತ್ತ ಮಣ್ಣು ಸಮೇತ ಎತ್ತಿ ಬಕೆಟ್ ನೀರಲ್ಲಿ ಬಿಡಿ. ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಅಲ್ಲಾಡಿಸಿ. ಮಣ್ಣು ಕರಗಿ ಹೋದ ಮೇಲೆ ಬಿಳಿ ತಟ್ಟೆಯ ಮೇಲೆ ಇಡಿ. ಕೆಳಗೆ ಉದ್ದಕ್ಕೆ ಒಂದೇ ದಾರ, ಅದರ ತುದಿಯ ಕಡೆ ಕೂದಲಿನಂಥ ಸಣ್ಣ ಕವಲು. ಮೇಲೆ ಬುಡದ ಗಂಟು ನೋಡಿ. ಅದರ ಸುತ್ತ ಎರಡೋ ಮೂರೋ ಮೊಳೆಯಂಥ ಗುಬುಟು ಕಾಣುತ್ತವೆ, ಸಾಸಿವೆ ಕಾಳಿಗಿಂತ ಸಣ್ಣವು. ತುದಿ ಕಂದು ಬಣ್ಣಕ್ಕೆ ತಿರುಗಿ ಚೂಪಾಗಿರುತ್ತದೆ. ಅವೇ ಹುಟ್ಟಿ ಹೊರಗೆ ಬರಲಾಗದೆ ನಿಂತ ಬುಡಬೇರುಗಳು. ನಾನು ಮೊದಲ ಸಲ ಭೂತಗನ್ನಡಿ ಹಿಡಿದು ಇವನ್ನು ನೋಡಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಎರಡು ದಿನ ಮೇಲ್ಮಣ್ಣು ಒದ್ದೆ ಇದ್ದಿದ್ದರೆ ಸಾಕಿತ್ತು, ಆ ಸಸಿ ವರ್ಷಗಟ್ಟಲೆ ಬದುಕುವ ಹುಲ್ಲಾಗುತ್ತಿತ್ತು.

ಇದು ನಮ್ಮ ಕಡೆಯ ಕಷ್ಟ ಮಾತ್ರ ಅಲ್ಲ. ಅಮೆರಿಕದ ಕೊಲರಾಡೊದ ಒಣ ಬಯಲಲ್ಲಿ ಬ್ಲೂ ಗ್ರಾಮಾ ಅಂತ ಒಂದು ಹುಲ್ಲಿದೆ. ಅಲ್ಲಿಯೂ ಬೀಜ ಚೆನ್ನಾಗಿ ಮೊಳೆಯುತ್ತಿತ್ತು, ಕೆಲವು ವಾರ ಬೆಳೆದು ಸಸಿ ಸಾಯುತ್ತಿತ್ತು. ಹೈಡರ್ ಮತ್ತು ಅವರ ಸಂಗಡಿಗರು 1971ರಲ್ಲಿ ಇದರ ಕಾರಣ ಬರೆದರು: ಬೀಜಬೇರು ಒಂದೇ, ಬುಡ ಮೇಲ್ಮೈಗೆ ಹತ್ತಿರ, ಬುಡಬೇರು ಇಳಿಯಲು ಎರಡರಿಂದ ನಾಲ್ಕು ದಿನ ಮೇಲ್ಮಣ್ಣು ಒದ್ದೆ ಇರಬೇಕು, ಅದು ಸಿಗದಿದ್ದರೆ ಸಸಿ ಉಳಿಯುವುದಿಲ್ಲ. ಆ ಬಯಲಿಗೂ ಇಂಡಿಯ ಮಡ್ಡಿಗೂ ಎಷ್ಟು ದೂರ! ಲೆಕ್ಕ ಮಾತ್ರ ಒಂದೇ.

ಈಗ ನಿಮ್ಮ ಇನ್ನೊಂದು ಮಾತಿಗೆ ಬರೋಣ. ಬೇರು ನೀರು ಹುಡುಕಿ ಕೆಳಗೆ ಇಳಿಯುತ್ತದೆ ಅನ್ನುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ನೀರು ಕಡಿಮೆಯಾದಾಗ ಮೊದಲು ನಿಲ್ಲುವುದು ಎಲೆಯ ಬೆಳವಣಿಗೆ, ಬೇರಿನದು ಆಮೇಲೆ. ಅಮೆರಿಕದಲ್ಲಿ ರಾಬರ್ಟ್ ಶಾರ್ಪ್ ಮತ್ತು ಜೊತೆಗಾರರು ಗೋವಿನಜೋಳದ ಸಸಿಗಳ ಮೇಲೆ ಇದನ್ನು ಅಳೆದು ನೋಡಿದ್ದಾರೆ. ಮೇಲಿನ ಕುಡಿ ಪೂರ್ತಿ ನಿಂತುಹೋಗುವಷ್ಟು ಒಣ ಇದ್ದಾಗಲೂ ಬೀಜಬೇರು ಮೊದಲಿನ ವೇಗದ ಮೂರನೆಯ ಒಂದು ಪಾಲಿನಷ್ಟು ಬೆಳೆಯುತ್ತಲೇ ಇತ್ತು. ಇನ್ನೂ ಹತ್ತಿರದಿಂದ ನೋಡಿದಾಗ, ಬೇರಿನ ತುದಿಯ ಎರಡು ಮೂರು ಮಿಲಿಮೀಟರ್ ಜಾಗ ಒಣಗಿದ ಲೆಕ್ಕವೇ ಇಲ್ಲದ ಹಾಗೆ ಮೊದಲಿನ ವೇಗದಲ್ಲೇ ಉದ್ದವಾಗುತ್ತಿತ್ತು, ಅದರ ಹಿಂದಿನ ಭಾಗ ನಿಲ್ಲುತ್ತಿತ್ತು. ಅದಕ್ಕೆ ಬೇರು ಸಣಕಲಾಗುತ್ತದೆ. ಸಸಿ ಆ ತುದಿಗೆ ಪ್ರೋಲಿನ್ ಅನ್ನುವ ವಸ್ತುವನ್ನು ಸಾಗಿಸಿ ಕೂಡಿಡುತ್ತದೆ. ಅದರಿಂದ ತುದಿಯ ಜೀವಕೋಶಗಳು ಒಣ ಮಣ್ಣಿನಿಂದಲೂ ನೀರು ಹೀರಿ ಬಿಗಿಯಾಗಿ ನಿಲ್ಲುತ್ತವೆ. ಅಬ್ಸಿಸಿಕ್ ಆಮ್ಲ ಅನ್ನುವ ಇನ್ನೊಂದು ರಸ ಬೇರಿನ ಬೆಳವಣಿಗೆ ನಿಲ್ಲದ ಹಾಗೆ ಕಾಯುತ್ತದೆ. ಇಷ್ಟು ಎಳೆಯ ಸಸಿ ಇಷ್ಟೆಲ್ಲ ಮಾಡುತ್ತದೆ ಅಂತ ತಿಳಿದರೆ ಒಣಗಿದ ಹೊಲ ನೋಡಿದಾಗ ಇನ್ನೂ ಸಂಕಟ ಆಗುತ್ತದೆ.

ಇಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ಬರದಲ್ಲಿ ಬೇರಿನ ಪಾಲು ಹೆಚ್ಚುತ್ತದೆ ಅಂತ ಓದಿ, ಬೇರೇ ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ. ಬರಗಾಲದಲ್ಲಿ ನಿಮ್ಮ ಮನೆ ಖರ್ಚಿನಲ್ಲಿ ಮೇವಿನ ಪಾಲು ಜಾಸ್ತಿಯಾಗಿತ್ತು ಅಲ್ವಾ? ಹಾಗಂತ ಎಮ್ಮೆಗೆ ಹೊಟ್ಟೆ ತುಂಬ ಸಿಕ್ಕಿತೇ? ಇದೂ ಹಾಗೇ. ಎಲೆಗೆ ಹೋಲಿಸಿದರೆ ಬೇರು ಜಾಸ್ತಿ, ಒಟ್ಟು ಬೇರು ನೋಡಿದರೆ ಕಡಿಮೆ. ಅದೂ ಇರುವ ಬೇರು ಆಳಕ್ಕೆ ಹೋಗುತ್ತದೆಯೇ ಹೊರತು ಹೊಸ ಬೇರು ಹುಟ್ಟುವುದಿಲ್ಲ.

ಹೊಸ ಬೇರು ಹುಟ್ಟದಿರುವುದಕ್ಕೂ ಕಾರಣ ಇದೆ. ನಮ್ಮ ನವಣೆಯ ಕಾಡು ನೆಂಟ ಒಂದು ಹುಲ್ಲು, ಸಿಟೇರಿಯಾ ವಿರಿಡಿಸ್ ಅಂತ. ಅದರ ಮೇಲೆ ನಡೆದ ಕೆಲಸ 2016ರಲ್ಲಿ ಪ್ರಕಟವಾಯಿತು. ನೀರು ಕಡಿಮೆಯಾದಾಗ ಆ ಸಸಿ ಬುಡಬೇರುಗಳನ್ನು ತಾನಾಗಿಯೇ ತಡೆಹಿಡಿಯುತ್ತದೆ. ಬುಡದ ಗಂಟೇ ತನ್ನ ಸುತ್ತಲಿನ ತೇವ ಗುರುತಿಸುತ್ತದೆ. ಅಲ್ಲಿಗೆ ನೀರು ಮುಟ್ಟಿದ ಕೂಡಲೇ ನಿಂತ ಬೇರು ಮತ್ತೆ ಹೊರಡುತ್ತದೆ. ಬೇರು ಕಡಿಮೆ ಇದ್ದರೆ ಮಣ್ಣಿನ ನೀರು ಬೇಗ ಖಾಲಿ ಆಗುವುದಿಲ್ಲ, ಉಳಿಸಿ ಉಳಿಸಿ ಬಳಸಬಹುದು ಅನ್ನುವುದು ಅದರ ಲೆಕ್ಕ. ಒಂದು ವರ್ಷದಲ್ಲೇ ಕಾಳು ಕಟ್ಟಿ ಸಾಯುವ ಗಿಡಕ್ಕೆ ಇದು ಜಾಣತನವೇ. ಆದರೆ ನಾಲ್ಕೈದು ವರ್ಷ ಮೇವು ಕೊಡಬೇಕಾದ ಹುಲ್ಲಿನ ಸಸಿ ಒಂದೇ ದಾರದ ಮೇಲೆ ನಿಂತು ಹೀಗೆ ಕಾಯುತ್ತಾ ಕೂತರೆ ಆ ಕಾಯುವಿಕೆಯಲ್ಲೇ ಜೀವ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮಣ್ಣೂ ತನ್ನ ಪಾಲು ಸೇರಿಸುತ್ತದೆ. ಮಣ್ಣು ಒಣಗಿದರೆ ಗಟ್ಟಿ ಆಗುತ್ತದೆ. ಬೇರಿಗೆ ನೀರೂ ಇಲ್ಲ, ದಾರಿಯೂ ಇಲ್ಲ. ನಿಮ್ಮ ಮಡ್ಡಿಯಲ್ಲಿ ಕೆಳಗೆ ಗರಸು ಹತ್ತಿದರೆ ಬೀಜಬೇರು ಅಲ್ಲೇ ಅಡ್ಡ ತಿರುಗುತ್ತದೆ. ಡೋಣಿ ನದಿ ದಂಡೆಯ ಎರೆ ಹೊಲದಲ್ಲಿ ಬೇರೆ ಕಥೆ. ಅಲ್ಲಿ ನೀರು ಬಹಳ ಹಿಡಿಯುತ್ತದೆ, ಆದರೆ ಜಿಗಿ ಮಣ್ಣು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮುಟ್ಟಿದರೆ ಕೈಗೆ ತಂಪು ಅನಿಸುವ ಎರೆಯಿಂದಲೂ ಎಳೆ ಬೇರಿಗೆ ನೀರು ಸಿಗದೇ ಹೋಗಬಹುದು. ಮೇಲೆ ಬಿರುಕು ಬಿಡುತ್ತದೆ. ಬಿರುಕಿನ ಬಾಯಿಗೆ ಸಿಕ್ಕ ಬೇರು ಹರಿದುಹೋಗುತ್ತದೆ, ಒಂದೇ ಬೇರಿನ ಸಸಿಗೆ ಅಲ್ಲಿಗೆ ಮುಗಿಯಿತು. ಬೇರು ಗಾಳಿಯ ಸಂದಿಯಲ್ಲಿ ಹಾದುಹೋದರೆ ಆ ಭಾಗದಲ್ಲಿ ಕವಲು ಒಡೆಯುವುದನ್ನೂ ನಿಲ್ಲಿಸುತ್ತದೆ, ಒದ್ದೆ ಮಣ್ಣು ತಾಗಿದ ಮಗ್ಗುಲಲ್ಲಿ ಮಾತ್ರ ಕವಲು ಹೊಡೆಯುತ್ತದೆ. ಅದಕ್ಕೆ ಬಿತ್ತಿದ ಮೇಲೆ ಮಣ್ಣು ಒತ್ತಿ ಕೂರಿಸಬೇಕು ಅನ್ನುವುದು. ಅಂದಹಾಗೆ, ಅಂಜನ್ ಹಗುರ ಮಣ್ಣಿನ ಹುಲ್ಲು, ನಿಮ್ಮ ಮಡ್ಡಿಗೆ ಸರಿಯಾದ ಆಯ್ಕೆಯೇ. ಎರೆ ಹೊಲ ಇರುವವರು ಮಾರ್ವೆಲ್ ಹುಲ್ಲು ನೋಡಲಿ.

ಸಜ್ಜೆ ಹೇಗೆ ಉಳಿಯಿತು? ಅದಕ್ಕೂ ಬೀಜಬೇರು ಒಂದೇ ಅಂದೆನಲ್ಲ. ವ್ಯತ್ಯಾಸ ಇರುವುದು ವೇಗದಲ್ಲಿ. ಸಜ್ಜೆ ಮೊಳೆತು ಒಂದು ವಾರ ಆಗುವ ಹೊತ್ತಿಗೆ ಬುಡಬೇರು ಶುರುವಾಗುತ್ತದೆ. ನಿಮ್ಮಲ್ಲಿ ಮೊದಲ ಹತ್ತು, ಹನ್ನೆರಡು ದಿನ ಮೇಲ್ಮಣ್ಣು ಒದ್ದೆ ಇತ್ತು. ಅಷ್ಟರಲ್ಲಿ ಸಜ್ಜೆ ಎರಡು ಮೂರು ಬುಡಬೇರು ಇಳಿಸಿಬಿಟ್ಟಿತು. ಅಂಜನ್ ಬೀಜ ಹತ್ತಿಯ ಎಳೆಯಂತೆ ಹಗುರ, ಒಳಗೆ ಊಟ ಕಡಿಮೆ, ಎಳೆತನದಲ್ಲಿ ನಿಧಾನ. ಅದು ತಯಾರಾಗುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಪಕ್ಕದವರು ಕೂರಿಗೆಯಲ್ಲಿ ಬಿತ್ತಿ ಎಡೆ ಹೊಡೆದೂ ಇರಬೇಕು. ಎಡೆಕುಂಟೆ ಮೇಲ್ಮಣ್ಣು ಪುಡಿ ಮಾಡಿ ಕೆಳಗಿನ ಹಸಿ ಆರದಂತೆ ಮುಚ್ಚುತ್ತದೆ, ಒಂದಿಷ್ಟು ಮಣ್ಣನ್ನು ಬುಡಕ್ಕೂ ಏರಿಸುತ್ತದೆ. ನೀವು ಬೀಜ ಚೆಲ್ಲಿದ್ದರಿಂದ ಎಡೆ ಹೊಡೆಯಲು ಸಾಲೇ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂದರೆ, ಮೊದಲನೆಯದು, ಈಗಲೇ ಹೊಲ ಹರಗಬೇಡಿ. ಅಂಜನ್ ಬೀಜ ಎಲ್ಲವೂ ಒಂದೇ ಸಲ ಮೊಳೆಯುವುದಿಲ್ಲ, ಕೆಲವು ಮಲಗಿರುತ್ತವೆ. ಮುಂದಿನ ಒಳ್ಳೆಯ ಮಳೆಗೆ ಒಂದು ಪಾಲು ಏಳಬಹುದು. ಒಣಗಿದಂತೆ ಕಂಡ ಸಸಿಗಳಲ್ಲೂ ಬುಡ ಉಗುರಿನಿಂದ ಗೀರಿದಾಗ ಹಸಿರು ಕಂಡರೆ ಅದು ಇನ್ನೂ ಜೀವಂತ.

ಮತ್ತೆ ಬಿತ್ತುವುದಿದ್ದರೆ ಜೂನ್‌ನ ಮೊದಲ ಮಳೆಯನ್ನು ನಂಬಬೇಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚು ಬೀಳುವುದು ಸೆಪ್ಟೆಂಬರ್‌ನಲ್ಲಿ. ಜೂನ್, ಜುಲೈನಲ್ಲಿ ಮಳೆ ಬಂದು ಮಾಯವಾಗುವುದು ನಿಮಗೇ ಗೊತ್ತು. ಹುಬ್ಬಿ ಮಳೆ ಶುರುವಾಗುವ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಗೆ, ಬೀಜ ಬಿದ್ದರೆ, ಉತ್ತರಿ ಮಳೆಯ ಮೋಡ ಮುಸುಕಿದ ದಿನಗಳು ಸರಿಯಾಗಿ ಬುಡಬೇರಿನ ಹೊತ್ತಿಗೆ ಸಿಗುತ್ತವೆ. ಚೆಲ್ಲಬೇಡಿ, ಸಾಲು ತೆಗೆಯಿರಿ. ಸಾಲಿನ ತಗ್ಗಿನಲ್ಲಿ ಬೀಜ ಉದುರಿಸಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಮಣ್ಣು ಮುಚ್ಚಬೇಡಿ. ಬೀಜ ಗಾಳಿಗೆ ಹಾರದಂತೆ ಸಗಣಿ, ಜರಡಿ ಹಿಡಿದ ಮಣ್ಣು ಕಲಸಿ ಸಣ್ಣ ಉಂಡೆ ಮಾಡಿಕೊಳ್ಳಬಹುದು. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನೆರಳೂ ಸ್ವಲ್ಪ ಸಿಗುತ್ತದೆ, ಸಸಿ ಮೂರು ಎಲೆ ಆದಾಗ ಅಕ್ಕಪಕ್ಕದ ಮಣ್ಣು ಕೆಡವಿ ಬುಡ ಮುಚ್ಚಲೂ ಬರುತ್ತದೆ. ಸಾಲಿನ ಮೇಲೆ ತೊಗರಿ ಕಟ್ಟಿಗೆಯ ತುಣುಕು, ಒಣ ಎಲೆ ತೆಳ್ಳಗೆ ಹರಡಿದರೆ ಇನ್ನೂ ಒಳ್ಳೆಯದು.

ಬೋರ್‌ನಲ್ಲಿ ಒಂದಿಷ್ಟು ನೀರಿದ್ದರೆ ಅದನ್ನು ಬಳಸುವ ರೀತಿ ಬಹಳ ಮುಖ್ಯ. ವಾರಕ್ಕೊಮ್ಮೆ ತುಂಬ ನೀರು ಬಿಡು, ಬೇರು ಆಳಕ್ಕೆ ಹೋಗಲಿ ಅಂತ ಎಲ್ಲರೂ ಹೇಳುತ್ತಾರೆ. ಬೆಳೆದ ಹುಲ್ಲಿಗೆ ಅದು ಸರಿ. ಮೂರು ಎಲೆಯ ಸಸಿಗೆ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡಿ ಒಂದು ತಾಕು ಕಳೆದುಕೊಂಡಿದ್ದೇನೆ. ಆಮೇಲೆ ಒಂದು ಬದಿಗೆ ಗಾಜು ಹಾಕಿದ ಡಬ್ಬಿಯಲ್ಲಿ ಸಸಿ ಬೆಳೆಸಿ ನೋಡಿದೆ. ಗಾಜಿನ ಆಚೆ ಬೀಜಬೇರು ಕೆಳಗಿನ ಕಪ್ಪು ಹಸಿಯಲ್ಲಿ ಇಳಿಯುತ್ತಿದೆ, ಮೇಲೆ ಬುಡದ ಸುತ್ತ ಮಣ್ಣು ಬೂದಿಯಂತೆ ಬಿಳಿ, ಅಲ್ಲಿ ಏನೂ ಇಲ್ಲ. ಬುಡಕ್ಕೆ ಮಾತ್ರ ಒಂದು ಲೋಟ ನೀರು ಮೂರು ದಿನ ಸಂಜೆ ಹೊತ್ತು ಹನಿಸಿದೆ. ಮರುದಿನಗಳಲ್ಲೇ ಬಿಳಿ ಬೇರು ಎರಡು ಕಡೆಗೆ ಹೊರಟವು, ಮೈಗೆಲ್ಲ ಮಣ್ಣು ಅಂಟಿಸಿಕೊಂಡು ಕಾಲುಚೀಲ ಹಾಕಿದ ಹಾಗೆ. ಅವತ್ತಿನಿಂದ ನಾನು ಹೇಳುವುದು ಇದೇ: ಇರುವ ನೀರನ್ನು ಒಂದೇ ದಿನ ಹರಿಸಬೇಡಿ, ಮೂರು ನಾಲ್ಕು ಎಲೆಯ ಹೊತ್ತಿಗೆ ಮೂರು ದಿನ ಸಂಜೆ ಸಾಲಿನ ಮೇಲೆ ತೆಳ್ಳಗೆ ಚಿಮುಕಿಸಿ.

ಇದೆಲ್ಲ ರಗಳೆ ಅನಿಸಿದರೆ ಬೀಜ ಬಿಟ್ಟು ಬುಡ ನೆಡಿ. ಬೆಳೆದ ಅಂಜನ್ ಗುಂಪನ್ನು ಬೇರು ಸಮೇತ ಸೀಳಿ, ಎಲೆ ಕತ್ತರಿಸಿ, ಗಂಟುಗಳು ಮೂರು ಬೆರಳು ಕೆಳಗೆ ಹಸಿಯಲ್ಲಿ ಕೂರುವ ಹಾಗೆ ನೆಟ್ಟರೆ ಈ ಗಂಡಾಂತರದ ವಯಸ್ಸನ್ನೇ ದಾಟಿದ ಹಾಗೆ. ಕೂಲಿ ಜಾಸ್ತಿ, ನಿಜ. ಆದರೆ ಮಡ್ಡಿಯಲ್ಲಿ ನಾನು ಇದನ್ನೇ ಮೊದಲು ಹೇಳುತ್ತೇನೆ. ಅರ್ಧ ಎಕರೆ ಹೀಗೆ ನೆಟ್ಟುಕೊಳ್ಳಿ, ಮುಂದಿನ ವರ್ಷ ಉಳಿದ ಎಕರೆಗೆ ಬುಡ ನಿಮ್ಮಲ್ಲೇ ಸಿಗುತ್ತದೆ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಧಾರವಾಡದಲ್ಲಿದೆ, ಅಲ್ಲಿ ವಿಚಾರಿಸಿ.

ಯೂರಿಯಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬುಡಬೇರು ಇಳಿಯುವ ತನಕ ಕೊಡಬೇಡಿ. ಎಲೆ ಉಬ್ಬುತ್ತದೆ, ಪೈಪು ಅದೇ ಇರುತ್ತದೆ. ಆಡುಗಳನ್ನು ಮೊದಲ ವರ್ಷ ಆ ಹೊಲಕ್ಕೆ ಬಿಡಲೇಬೇಡಿ, ಬುಡಬೇರಿಲ್ಲದ ಸಸಿ ಬಾಯಿ ಹಾಕಿದ ಕೂಡಲೇ ಬೇರು ಸಮೇತ ಬರುತ್ತದೆ.

ಸಸಿಯ ಸ್ಥಿತಿ ತಿಳಿಯಲು ಬೆಳಿಗ್ಗೆ ಏಳು ಗಂಟೆಗೆ ಹೊಲಕ್ಕೆ ಹೋಗಿ. ಮಧ್ಯಾಹ್ನ ಎಲೆ ಸುರುಳಿ ಸುತ್ತಿದರೆ ಹೆದರಬೇಕಿಲ್ಲ, ಬಿಸಿಲಿಗೆ ಹಾಗೆ ಆಗುತ್ತದೆ. ರಾತ್ರಿ ಕಳೆದರೂ ಸುರುಳಿ ಬಿಚ್ಚಿರದಿದ್ದರೆ ಬೇರು ಸೋಲುತ್ತಿದೆ ಅಂತ ಅರ್ಥ, ಅವತ್ತೇ ಸಂಜೆ ಬುಡಕ್ಕೆ ನೀರು ಬೇಕು. ಮೊಳೆತು ಇಪ್ಪತ್ತು ದಿನ ಆದ ಮೇಲೆ ಹೊಲದ ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಐದು ಸಸಿ ಮಣ್ಣು ಸಮೇತ ಎತ್ತಿ ಬಕೆಟ್‌ನಲ್ಲಿ ತೊಳೆದು ಬುಡಬೇರು ಎಣಿಸಿ. ಬೆರಳುದ್ದದ್ದು ಎರಡು ಮೂರು ಇದ್ದರೆ ಮಳೆ ಹದಿನೈದು ದಿನ ತಡವಾದರೂ ನನಗೆ ಚಿಂತೆ ಇಲ್ಲ. ಗುಬುಟು ಮಾತ್ರ ಇದ್ದರೆ ಮೂರು ದಿನದ ನೀರಿಗೆ ತಯಾರಿ ಮಾಡಿ. ಆ ಐದು ಸಸಿಗಳ ಎಣಿಕೆ ಬರೆದು ಕಳಿಸಿ, ನೋಡಿ ಮುಂದಿನದು ಹೇಳುತ್ತೇನೆ.